ಸೋತು ಬಂದ ಮಗನಿಗೂ ಮನೆಯ ಬಾಗಿಲು ತೆರೆದಿರಲಿ

ಆಗಸ್ಟ್ ತಿಂಗಳ ಕೊನೆಯ ಭಾಗದಲ್ಲಿ ಧರ್ಮಸಭೆಯು ಒಬ್ಬ ತಾಯಿಯ ಹಾಗೂ ಆಕೆಯ ಮಗನ ಹಬ್ಬಗಳನ್ನು ಒಂದರ ಬೆನ್ನಿಗೆ ಒಂದರಂತೆ ಆಚರಿಸುತ್ತದೆ. 27ರಂದು ಸಂತ ಮೋನಿಕಾ, 28ರಂದು ಸಂತ ಆಗಸ್ಟೀನ್. ಹಿಂದೆ ಹೀಗಿರಲಿಲ್ಲ. ಮೋನಿಕಾ ಅವರ ಹಬ್ಬ ಮೇ 4ಕ್ಕೆ ಬರುತ್ತಿತ್ತು. 1969ರಲ್ಲಿ ಆರಾಧನಾ ಪಂಚಾಂಗವನ್ನು ಪರಿಷ್ಕರಿಸಿದಾಗ ತಾಯಿಯ ಹಬ್ಬವನ್ನು ಮಗನ ಹಬ್ಬದ ಮುನ್ನಾದಿನಕ್ಕೆ ತರಲಾಯಿತು. ಮಗನ ಬದುಕನ್ನು ತಾಯಿಯ ಬದುಕಿನಿಂದ ಬೇರ್ಪಡಿಸಿ ಅರ್ಥ ಮಾಡಿಕೊಳ್ಳುವುದು ಸಾಧ್ಯವಿಲ್ಲ ಎಂಬುದನ್ನು ಈ ಎರಡು ದಿನಾಂಕಗಳೇ ನಮಗೆ ನೆನಪಿಸುತ್ತವೆ. ಹೆತ್ತವರು ಮತ್ತು ಮಕ್ಕಳ ನಡುವಣ ಸಂಬಂಧವು, ಆ ಮಕ್ಕಳು ಬೆಳೆದು ಯುವಕ ಯುವತಿಯರಾದಾಗ, ಕಷ್ಟವನ್ನು ತಾಳಿ ಏಳುವ ಬಲವನ್ನೂ ಬಾಳಿಗೊಂದು ಗುರಿಯನ್ನೂ ಹೇಗೆ ಕೊಡುತ್ತದೆ, ಅಥವಾ ಹೇಗೆ ಕೊಡದೆ ಹೋಗುತ್ತದೆ ಎಂಬ ಪ್ರಶ್ನೆಗೆ ಈ ವಾರದ ಅಂಕಣವನ್ನು ಮೀಸಲಿಡುತ್ತಿದ್ದೇವೆ.

ವಿಚಾರಕ್ಕೆ ಇಳಿಯುವ ಮುನ್ನ ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಸಂಬಂಧಪಟ್ಟ ಕುಟುಂಬದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ, ಇಂಥದೇ ಮಳೆಗಾಲದ ಒಂದು ಸಂಜೆ, ನಮ್ಮ ಧರ್ಮಕೇಂದ್ರದ ಒಬ್ಬ ತಂದೆ ತಮ್ಮ ಮಗನನ್ನು ನಮ್ಮ ಬಳಿಗೆ ಕರೆತಂದರು. ಆ ತಂದೆ 22 ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಊರಿಗೆ ಮರಳಿದವರು. ಆ ದುಡಿಮೆಯಲ್ಲಿ ಮನೆ ಕಟ್ಟಿಸಿದ್ದರು, ಹೆಣ್ಣುಮಕ್ಕಳ ಮದುವೆ ಮಾಡಿದ್ದರು, ಈ ಒಬ್ಬನೇ ಮಗನನ್ನು ದೂರದ ನಗರದ ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದ್ದರು. ಮಗ ಹಲವು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಅದನ್ನು ಒಂದೂವರೆ ವರ್ಷ ಕಾಲ ಮನೆಯವರಿಂದ ಮುಚ್ಚಿಟ್ಟಿದ್ದ. "ಫಾದರ್, ಇವನಿಗೆ ನೀವೇ ಬುದ್ಧಿ ಹೇಳಬೇಕು" ಎಂದು ಹೇಳಿ ತಂದೆ ಹೊರಗೆ ಜಗಲಿಯಲ್ಲಿ ಹೋಗಿ ಕುಳಿತರು.

ನಾವು ಬುದ್ಧಿ ಹೇಳಿದೆವು. ತಂದೆಯ ಬೆವರನ್ನು ನೆನಪಿಸಿದೆವು. ಸಂತ ಲೂಕರ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನೂ ಹೇಳಿದೆವು, ಅದರಲ್ಲೂ ಮಗನು ಆಸ್ತಿಯನ್ನು ಹಾಳುಮಾಡಿದ ಭಾಗವನ್ನು ಒತ್ತಿ ಹೇಳಿದೆವು. ಹುಡುಗ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಎದ್ದು ಹೊರಡುವಾಗ ಒಂದೇ ಒಂದು ಪ್ರಶ್ನೆ ಕೇಳಿದ: "ಫಾದರ್, ನಾನು ಪಾಸಾಗದೇ ಹೋದರೆ ಮನೆಗೆ ಬರಬಹುದೇ?" ಆ ಪ್ರಶ್ನೆಗೆ ಉತ್ತರ ನಾವು ಆಗಷ್ಟೇ ಹೇಳಿ ಮುಗಿಸಿದ್ದ ಸಾಮತಿಯಲ್ಲಿಯೇ ಇತ್ತು. ದೂರದಲ್ಲಿರುವಾಗಲೇ ಮಗನನ್ನು ಕಂಡು ಓಡಿಹೋದ ತಂದೆಯಲ್ಲಿ ಇತ್ತು. ಅದನ್ನು ಹೇಳಲು ನಮಗೆ ತೋಚಲಿಲ್ಲ. "ಮೊದಲು ಓದು, ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಆ ಹುಡುಗನ ಪ್ರಶ್ನೆ ಅವನೊಬ್ಬನದೇ ಎಂದು ಯಾರೂ ಭಾವಿಸದಿರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿಅಂಶಗಳಂತೆ, ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅಂದರೆ ದಿನವೊಂದಕ್ಕೆ ಸರಾಸರಿ 35ಕ್ಕಿಂತ ಹೆಚ್ಚು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ, ದಾಖಲಾದ ಕಾರಣಗಳಲ್ಲಿ ಅತಿ ದೊಡ್ಡ ಪಾಲು, ಶೇಕಡಾ 31.7ರಷ್ಟು, ಕೌಟುಂಬಿಕ ಸಮಸ್ಯೆಗಳದ್ದು. ಪೊಲೀಸ್ ದಾಖಲೆಯ ಒಂದು ಪದವು ಒಂದು ಜೀವದ ಸಂಕಟವನ್ನೆಲ್ಲ ಹೇಳಲಾರದು ನಿಜ. ಆದರೂ ಮನೆಯೆಂಬುದು ಆಶ್ರಯವಾಗಬೇಕಾದಲ್ಲಿ ಕೆಲವರಿಗೆ ಅದು ಎದುರಿಸಲಾಗದ ನ್ಯಾಯಾಲಯವಾಗಿ ಪರಿಣಮಿಸುತ್ತಿದೆ ಎಂಬ ಎಚ್ಚರಿಕೆ ಈ ಅಂಕಿಗಳಲ್ಲಿ ಇದೆ. ಕಥೋಲಿಕ ಕುಟುಂಬಗಳು ಇದಕ್ಕೆ ಹೊರತು ಎಂದು ಹೇಳುವ ಧೈರ್ಯ ನಮಗಿಲ್ಲ.

ಹಾಗಾದರೆ ಕಷ್ಟದ ನಡುವೆಯೂ ಬಾಗಿ ಮತ್ತೆ ನೇರವಾಗುವ ಶಕ್ತಿ ಎಲ್ಲಿಂದ ಬರುತ್ತದೆ? ಅದು ಹುಟ್ಟಿನಿಂದಲೇ ಕೆಲವರಿಗೆ ದೊರೆತ ಗಟ್ಟಿತನವೆಂದು ಹಲವರು ತಿಳಿಯುತ್ತಾರೆ. "ನಮ್ಮ ಕಾಲದಲ್ಲಿ ಪೆಟ್ಟು ತಿಂದೇ ಬೆಳೆದೆವು, ನಮಗೇನಾಗಿದೆ?" ಎಂಬ ಮಾತು ಪ್ರತಿ ಧರ್ಮಕೇಂದ್ರದಲ್ಲೂ ಕೇಳಿಬರುತ್ತದೆ. ಈ ಮಾತನ್ನು ಪರೀಕ್ಷಿಸಿ ನೋಡುವ ಒಂದು ದೊಡ್ಡ ಪ್ರಯತ್ನವು ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ ನಡೆಯಿತು. ಅಲ್ಲಿ 1955ರಲ್ಲಿ ಜನಿಸಿದ 698 ಶಿಶುಗಳನ್ನು ಮನೋವಿಜ್ಞಾನಿಗಳಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಹಾಗೂ ಅವರ ಸಂಗಡಿಗರು ಶೈಶವದಿಂದ ನಡುವಯಸ್ಸಿನವರೆಗೆ ನಿಕಟವಾಗಿ ಗಮನಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದ ಮಕ್ಕಳು ಬಡತನ, ಹೆರಿಗೆಯ ತೊಡಕು, ತಂದೆತಾಯಿಯರ ಜಗಳ, ಕುಡಿತ, ಮನೋರೋಗ ಮುಂತಾದ ಹಲವು ಸಂಕಷ್ಟಗಳ ನಡುವೆ ಹುಟ್ಟಿದವರು. ಇವರೆಲ್ಲರೂ ಹಾಳಾಗಿ ಹೋಗುವರೆಂದು ಊಹಿಸುವುದು ಸಹಜ. ಆದರೆ ಹಾಗಾಗಲಿಲ್ಲ. ಸಂಕಷ್ಟದಲ್ಲಿ ಬೆಳೆದ ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಆತ್ಮವಿಶ್ವಾಸವುಳ್ಳ, ಪರರ ಬಗ್ಗೆ ಕಾಳಜಿಯುಳ್ಳ, ಸಮರ್ಥ ವಯಸ್ಕರಾಗಿ ಬೆಳೆದರು.

ಅವರಿಗೆ ದೊರೆತದ್ದು ಏನು? ಸಂಶೋಧಕರು ಕಂಡುಕೊಂಡ ಅಂಶಗಳಲ್ಲಿ ಮೂರನ್ನು ನಮ್ಮ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದಾಗಿ, ಅಂಥ ಮಗುವಿಗೆ ಎಳವೆಯಲ್ಲಿ ತನ್ನನ್ನು ಎಂದೂ ಕೈಬಿಡದ ಕನಿಷ್ಠ ಒಬ್ಬ ಹಿರಿಯರ ನಿಕಟ ಪ್ರೀತಿ ದೊರೆತಿತ್ತು. ಅದು ತಾಯಿ ತಂದೆಯೇ ಆಗಿರಬೇಕೆಂದಿರಲಿಲ್ಲ. ಅಜ್ಜಿಯೋ ಅಜ್ಜನೋ ಬಂಧುವೋ ಆಗಿರಬಹುದಿತ್ತು. ಎರಡನೆಯದಾಗಿ, ಅವರಲ್ಲಿ ಅನೇಕರು ತಮ್ಮಂದಿರನ್ನು ನೋಡಿಕೊಳ್ಳುವುದು, ಮನೆಗೆಲಸದಲ್ಲಿ ಪಾಲು ಹೊರುವುದು ಮುಂತಾದ ನಿಜವಾದ ಹೊಣೆಗಳನ್ನು ಹೊತ್ತು ಬೆಳೆದಿದ್ದರು. ಮೂರನೆಯದಾಗಿ, ಅನೇಕರಿಗೆ ಶ್ರದ್ಧೆ ಎಂಬುದು ತಮ್ಮ ಬಾಳಿಗೆ ಅರ್ಥವಿದೆ ಎಂಬ ಭರವಸೆಯನ್ನು ಕೊಟ್ಟಿತ್ತು. ಇನ್ನೂ ಒಂದು ಮಾತು ಉಳಿದಿದೆ. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಬಹುಮಂದಿ ಮೂವತ್ತು ನಲವತ್ತರ ವಯಸ್ಸಿಗೆ ಬರುವ ಹೊತ್ತಿಗೆ ಬಾಳನ್ನು ಸರಿಪಡಿಸಿಕೊಂಡಿದ್ದರು. ಹದಿನೆಂಟನೆಯ ವಯಸ್ಸಿನ ಫಲಿತಾಂಶವೇ ಬಾಳಿನ ಅಂತಿಮ ಫಲಿತಾಂಶವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪುರಾತನ ತಾಯಿಯ ಕಡೆಗೆ ತಿರುಗೋಣ. ಆಗಸ್ಟೀನರು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು; ಅದು ಇಂದಿನ ಅಲ್ಜೀರಿಯ ದೇಶದಲ್ಲಿದೆ. ತಂದೆ ಪತ್ರೀಸಿಯ ಸಾಧಾರಣ ಸ್ಥಿತಿಯ ಗೃಹಸ್ಥ. ತನ್ನ ಶಕ್ತಿಗೆ ಮೀರಿ ಹಣ ಕೂಡಿಸಿ ಮಗನನ್ನು ಕಾರ್ಥೇಜ್ ನಗರಕ್ಕೆ ಓದಲು ಕಳುಹಿಸಲು ಸಿದ್ಧತೆ ನಡೆಸಿದ. ಊರೆಲ್ಲ ಆ ತಂದೆಯನ್ನು ಹೊಗಳಿತು. ಆದರೆ ಮಗನ ನಾಲಗೆ ಚುರುಕಾದರೆ ಸಾಕೆಂದುಕೊಂಡಿದ್ದ ತಂದೆಗೆ ಮಗನ ಅಂತರಂಗ ಏನಾಗುತ್ತಿದೆ ಎಂಬ ಚಿಂತೆ ಇರಲಿಲ್ಲವೆಂದು ಆಗಸ್ಟೀನರು ಮುಂದೆ ತಮ್ಮ 'ನಿವೇದನೆ' ಗ್ರಂಥದಲ್ಲಿ ನೊಂದು ನೆನೆದಿದ್ದಾರೆ. ಹದಿನಾರು ಶತಮಾನಗಳ ಹಿಂದಿನ ಆ ತಂದೆ ನಮ್ಮ ಪಕ್ಕದ ಮನೆಯವರಂತೆಯೇ ಕಾಣುವುದಿಲ್ಲವೇ? ಮಗನು ಹದಿನೇಳರ ಆಸುಪಾಸಿನಲ್ಲಿರುವಾಗಲೇ ಪತ್ರೀಸಿಯ ತೀರಿಕೊಂಡರು. ಭಾರವೆಲ್ಲ ತಾಯಿಯ ಹೆಗಲಿಗೆ ಬಂತು.

ಕಾರ್ಥೇಜಿಗೆ ಹೋದ ಮಗ ಮಾನಿ ಪಂಥವನ್ನು ಸೇರಿದ. ಒಬ್ಬ ಸ್ತ್ರೀಯೊಂದಿಗೆ ಮದುವೆಯಿಲ್ಲದೆ ಬಾಳತೊಡಗಿದ, ಗಂಡುಮಗುವೂ ಆಯಿತು. ಮಗ ಊರಿಗೆ ಬಂದಾಗ ಮೋನಿಕಾ ಅವರು ಮೊದಲು ಮಾಡಿದ್ದೇನು? ಅವನನ್ನು ತಮ್ಮ ಮನೆಯಲ್ಲಿರಲು, ತಮ್ಮೊಂದಿಗೆ ಊಟದ ಮೇಜಿನಲ್ಲಿ ಕೂರಲು ಬಿಡಲಿಲ್ಲ. ಸಂತರಾದ ತಾಯಿಯೂ ಬಾಗಿಲು ಮುಚ್ಚಿದ್ದುಂಟು. ಆದರೆ ಆ ಬಾಗಿಲು ಬಹಳ ಕಾಲ ಮುಚ್ಚಿರಲಿಲ್ಲ. ತಾವು ನಿಂತ ನೆಲೆಯಲ್ಲಿಯೇ ಮಗನೂ ನಿಂತಿರುವ ಕನಸೊಂದನ್ನು ಕಂಡು, ಅದನ್ನು ದೇವರ ಭರವಸೆಯೆಂದು ನಂಬಿ, ಅವರು ಮಗನನ್ನು ಮತ್ತೆ ಮನೆಗೆ, ಮತ್ತೆ ಊಟದ ಮೇಜಿಗೆ ಕರೆದುಕೊಂಡರು. ಗಮನಿಸಬೇಕಾದುದು ಇದು: ಆಗ ಮಗ ಇನ್ನೂ ಬದಲಾಗಿರಲಿಲ್ಲ. ಅವನ ತಪ್ಪನ್ನು ತಾಯಿ ಸರಿಯೆಂದೂ ಹೇಳಲಿಲ್ಲ. ಮೇಜು ತೆರೆಯಿತು, ಆದರೆ ಸತ್ಯ ಸಡಿಲವಾಗಲಿಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿಯುವುದೇ ಹೆತ್ತವರ ಕಷ್ಟದ ಕಾರ್ಯ.

ಮಗನೊಂದಿಗೆ ವಾದ ಮಾಡಿ ಅವನನ್ನು ತಿದ್ದಬೇಕೆಂದು ಮೋನಿಕಾ ಅವರು ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿಕೊಂಡರು. ಅವರು ಒಪ್ಪಲಿಲ್ಲ. ಹುಡುಗ ಈಗ ಕೇಳುವ ಸ್ಥಿತಿಯಲ್ಲಿಲ್ಲ, ಸ್ವಲ್ಪ ಕಾಲ ಬಿಟ್ಟುಬಿಡಿ, ಅವನಿಗಾಗಿ ದೇವರಲ್ಲಿ ಪ್ರಾರ್ಥಿಸಿ ಎಂದು ಹೇಳಿದರು. ಆ ಧರ್ಮಾಧ್ಯಕ್ಷರು ನಮಗಿಂತ ವಿವೇಕಿಗಳಾಗಿದ್ದರು ಎಂದು ನಾವು ನಾಚಿಕೆಯಿಂದಲೇ ಬರೆಯುತ್ತೇವೆ. 383ರಲ್ಲಿ ಮಗ ತಾಯಿಗೆ ಸುಳ್ಳು ಹೇಳಿ, ಆಕೆ ಕಡಲತೀರದ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದ ರಾತ್ರಿ ಹಡಗನ್ನೇರಿ ರೋಮ್ ನಗರಕ್ಕೆ ಹೊರಟುಹೋದ. ತಾಯಿ ಬಿಡಲಿಲ್ಲ, ಕಡಲು ದಾಟಿ ಮಿಲಾನ್ ನಗರದವರೆಗೂ ಹಿಂಬಾಲಿಸಿದರು. ಅಲ್ಲಿಯೂ ಅವರ ಆತುರ ಹೋಗಿರಲಿಲ್ಲ. ಮಗನ ಭವಿಷ್ಯಕ್ಕಾಗಿ ಅನುಕೂಲಸ್ಥ ಮನೆತನದ ಕನ್ಯೆಯನ್ನು ಗೊತ್ತುಮಾಡಿದರು. ಹಲವು ವರ್ಷ ಅವನೊಂದಿಗೆ ಬಾಳಿದ್ದ ಸ್ತ್ರೀ ಮಗುವನ್ನು ಅಗಲಿ ಆಫ್ರಿಕಕ್ಕೆ ಮರಳಬೇಕಾಯಿತು. ಆ ಗಾಯ ಬಹುಕಾಲ ತಮ್ಮಲ್ಲಿ ಉಳಿಯಿತೆಂದು ಆಗಸ್ಟೀನರು ಬರೆದಿದ್ದಾರೆ. ಸಂತರ ಜೀವನವನ್ನು ಹೇಳುವಾಗ ಈ ಭಾಗವನ್ನು ನಾವು ಬಿಟ್ಟುಬಿಡುವುದುಂಟು. ಬಿಡಬಾರದು. ತಪ್ಪು ಮಾಡದ ತಾಯಿತಂದೆಯರ ಮಕ್ಕಳು ಮಾತ್ರ ಉದ್ಧಾರವಾಗುವುದಾದರೆ ನಮ್ಮಲ್ಲಿ ಯಾರಿಗೂ ಆಸೆಯಿರುವುದಿಲ್ಲ.

ಕೊನೆಗೆ 387ರ ಪಾಸ್ಖದ ಜಾಗರಣೆಯ ರಾತ್ರಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಕೈಯಿಂದ ಆಗಸ್ಟೀನರೂ ಅವರ ಮಗ ಅದೆಯೊದಾತನೂ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ, ಮೋನಿಕಾ ಅವರು ಜ್ವರದಿಂದ ಕಣ್ಮುಚ್ಚಿದರು. ಗಂಡನ ಪಕ್ಕದಲ್ಲೇ ತಮ್ಮ ಸಮಾಧಿಯಾಗಬೇಕೆಂದು ಹಿಂದೆ ಬಯಸಿದ್ದ ಅವರು, ದೇಹವನ್ನು ಎಲ್ಲಿ ಬೇಕಾದರೂ ಇಡಿ, ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂಬ ಅಭಿಪ್ರಾಯ ಹೇಳಿ ತೀರಿಕೊಂಡರು. ಹಿಡಿದುಕೊಂಡೇ ಬದುಕಿದ ತಾಯಿ ಕಡೆಗೆ ಬಿಟ್ಟುಕೊಡಲು ಕಲಿತರು. ಆ ಮಗ ಮುಂದೆ ಮೂರು ದಶಕಗಳಿಗೂ ಮೀರಿ ಹಿಪ್ಪೊ ನಗರದ ಧರ್ಮಾಧ್ಯಕ್ಷರಾದರು. 410ರಲ್ಲಿ ರೋಮ್ ನಗರ ಶತ್ರುಗಳ ಲೂಟಿಗೆ ಗುರಿಯಾಗಿ ಜಗತ್ತೇ ಮುಗಿಯಿತೆಂದು ಜನ ಕಂಗೆಟ್ಟಾಗ ಅವರಿಗೆ ಧೈರ್ಯ ಹೇಳಿದವರು ಅವರೇ. 430ರಲ್ಲಿ ವಾಂಡಲರು ಹಿಪ್ಪೊ ನಗರವನ್ನು ಮುತ್ತಿದ್ದಾಗ ತಮ್ಮ ಜನರ ನಡುವೆಯೇ ಪ್ರಾಣ ಬಿಟ್ಟರು. ರಾತ್ರೋರಾತ್ರಿ ತಾಯಿಯಿಂದ ಓಡಿಹೋದ ಯುವಕನೇ ಕೊನೆಯವರೆಗೂ ಓಡದೆ ನಿಂತ ಕುರುಬನಾದ. ಈ ಸ್ಥೈರ್ಯ ಅವನಿಗೆ ಬಂದದ್ದು ಎಲ್ಲಿಂದ? ದೇವರ ಕೃಪೆಯಿಂದ ಎಂಬುದು ನಿಶ್ಚಯ. ಆದರೆ ಕೃಪೆಯು ತಾನು ಕೆಲಸ ಮಾಡಲು ಒಬ್ಬ ತಾಯಿಯ ಬಿಡದ ಪ್ರೀತಿಯನ್ನು ಆರಿಸಿಕೊಂಡಿತು.

ತತ್ವಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಒಂದು ಪಾಠ ಇಲ್ಲಿ ನೆನಪಾಗುತ್ತದೆ. ಸದ್ಗುಣವು ಉಪದೇಶದಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ ಎಂಬುದು ಅರಿಸ್ಟಾಟಲನ ವಿಚಾರ. ಮನೆ ಕಟ್ಟುತ್ತ ಕಟ್ಟುತ್ತಲೇ ಒಬ್ಬನು ಕಟ್ಟುವವನಾಗುತ್ತಾನೆ. ಧೈರ್ಯದ ಕಾರ್ಯಗಳನ್ನು ಮಾಡುತ್ತಲೇ ಧೈರ್ಯಶಾಲಿಯಾಗುತ್ತಾನೆ. ಸಂತ ಥಾಮಸ್ ಅಕ್ವಿನಾಸರೂ ಈ ವಿಚಾರವನ್ನು ಸ್ವೀಕರಿಸಿ ವಿಸ್ತರಿಸಿದರು. ಹಾಗಿದ್ದರೆ ಎಂದೂ ಬೀಳಲು ಬಿಡದೆ ಬೆಳೆಸಿದ ಮಗುವಿಗೆ ಏಳುವ ಅಭ್ಯಾಸ ಎಲ್ಲಿಂದ ಬಂದೀತು? ಇಂದು ಕೆಲವು ಮನೆಗಳಲ್ಲಿ ಮಕ್ಕಳಿಗೆ ಓದಿನ ಹೊರತು ಬೇರೆ ಕೆಲಸವಿಲ್ಲ. ತಟ್ಟೆ ತೊಳೆಯುವುದು ಬೇಡ, ಅಂಗಡಿಗೆ ಹೋಗುವುದು ಬೇಡ, ಹಾಸಿಗೆ ಹಿಡಿದ ಅಜ್ಜನ ಬಳಿ ಕೂರುವುದೂ ಬೇಡ. ಅಂಕ ತಂದರೆ ಸಾಕು. ಮಗುವಿನ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡುತ್ತೇವೆ. ಆದರೆ ಮನೆಗೆ ತನ್ನಿಂದ ಯಾವ ಉಪಯೋಗವೂ ಇಲ್ಲವೆಂದು ಹತ್ತಿಪ್ಪತ್ತು ವರ್ಷ ಕಲಿತ ಮಗು, ಅಂಕವೂ ಬಾರದ ದಿನ ತಾನು ಯಾತಕ್ಕೂ ಬೇಡವೆಂದು ತೀರ್ಮಾನಿಸಿದರೆ ಅಚ್ಚರಿಯೇನು?

ಇನ್ನು ಬಾಳಿನ ಗುರಿಯ ವಿಚಾರ. ಗುರಿಯನ್ನು ಪಿತ್ರಾರ್ಜಿತ ಆಸ್ತಿಯಂತೆ ಮಕ್ಕಳ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. ಥಾಮಸ್ ಅಕ್ವಿನಾಸರ ಮನೆಯವರು ಹಾಗೆ ಬರೆದುಕೊಡಲು ನೋಡಿದರು. ಮೋಂತೆ ಕಸ್ಸೀನೊದ ಪ್ರಸಿದ್ಧ ಮಠಕ್ಕೆ ಅವರು ಮಠಾಧಿಪತಿಯಾಗಬೇಕೆಂಬುದು ಆ ಶ್ರೀಮಂತ ಕುಟುಂಬದ ಆಸೆ. ಮಗನೋ 1244ರಲ್ಲಿ ಭಿಕ್ಷೆ ಬೇಡಿ ಬಾಳುವ ಡೊಮಿನಿಕನ್ ಸಭೆಯನ್ನು ಸೇರಿದರು. ಮನೆಯವರು ದಾರಿಯಲ್ಲಿ ಹಿಡಿದು ತಂದು ಸುಮಾರು ಒಂದು ವರ್ಷ ಮನೆಯ ಕೋಟೆಯಲ್ಲೇ ಕೂಡಿಹಾಕಿದರು. ಕೊನೆಗೂ ಅವರು ತಮ್ಮ ದಾರಿಯಲ್ಲೇ ಹೋದರು. ಆ ಕುಟುಂಬವು ದುಷ್ಟ ಕುಟುಂಬವಾಗಿರಲಿಲ್ಲ, ಮಗನಿಗೆ ಒಳ್ಳೆಯದನ್ನೇ ಬಯಸಿತ್ತು. ಒಳ್ಳೆಯದನ್ನು ಬಯಸುವುದಕ್ಕೂ ಮಗನ ಒಳಗೆ ದೇವರು ಏನು ಹೇಳುತ್ತಿದ್ದಾರೆಂದು ಕಿವಿಗೊಡುವುದಕ್ಕೂ ಬಹಳ ಅಂತರವಿದೆ. ಗುರುಪಟ್ಟಕ್ಕೆ ಬಲವಂತ ಮಾಡುವ ಹೆತ್ತವರೂ, ಗುರುಪಟ್ಟ ಬೇಡವೆಂದು ತಡೆಯುವ ಹೆತ್ತವರೂ, ವೈದ್ಯನೇ ಆಗಬೇಕೆನ್ನುವ ಹೆತ್ತವರೂ ಈ ಅಂತರವನ್ನು ಅಳೆದು ನೋಡಬೇಕು.

ಇದಕ್ಕೆ ಎದುರಾಗಿ ನಮ್ಮ ಕಾಲಕ್ಕೆ ಹತ್ತಿರವಾದ ಒಂದು ಘಟನೆಯಿದೆ. ವಿಯೆನ್ನಾ ನಗರದ ಯೆಹೂದಿ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ (1905–1997) ಅವರಿಗೆ 1941ರಲ್ಲಿ ಅಮೆರಿಕಕ್ಕೆ ಹೋಗಲು ವೀಸಾ ದೊರೆಯಿತು. ನಾಜಿಗಳ ಕೈಯಿಂದ ಪಾರಾಗುವ ದಾರಿ ಅದೊಂದೇ. ಆದರೆ ವೃದ್ಧ ತಂದೆತಾಯಿಯರನ್ನು ಬಿಟ್ಟು ಹೋಗುವುದು ಹೇಗೆಂದು ಅವರು ತೊಳಲಾಡುತ್ತಿದ್ದರು. ಒಂದು ದಿನ ಮನೆಗೆ ಬಂದಾಗ ಮೇಜಿನ ಮೇಲೆ ಅಮೃತಶಿಲೆಯ ಚೂರೊಂದು ಕಂಡಿತು. ನಾಜಿಗಳು ಸುಟ್ಟು ಕೆಡವಿದ ಯೆಹೂದಿ ಪ್ರಾರ್ಥನಾಮಂದಿರದ ಅವಶೇಷಗಳಿಂದ ತಂದೆ ಅದನ್ನು ಆಯ್ದು ತಂದಿದ್ದರು. ಅದರ ಮೇಲೆ ಕೆತ್ತಿದ್ದ ಒಂದು ಹೀಬ್ರೂ ಅಕ್ಷರ ದಶಾಜ್ಞೆಗಳಲ್ಲಿ ತಂದೆತಾಯಿಯರನ್ನು ಗೌರವಿಸಬೇಕೆಂಬ ಆಜ್ಞೆಗೆ ಸೇರಿದ್ದಾಗಿತ್ತು. ಫ್ರಾಂಕ್ಲ್ ವೀಸಾವನ್ನು ಕೈಬಿಟ್ಟರು. ಮುಂದೆ ಸೆರೆಶಿಬಿರಗಳಲ್ಲಿ ತಂದೆ, ತಾಯಿ, ಸಹೋದರ, ಹೆಂಡತಿ ಎಲ್ಲರನ್ನೂ ಕಳೆದುಕೊಂಡರು. ಬದುಕಿ ಬಂದು, ಅರ್ಥವನ್ನು ಕಂಡ ಮನುಷ್ಯನು ಯಾವ ಸ್ಥಿತಿಯನ್ನೂ ತಾಳಬಲ್ಲನು ಎಂಬ ತತ್ವವನ್ನು ಜಗತ್ತಿಗೆ ಸಾರಿದರು. ನಮಗೆ ಮುಖ್ಯವಾದುದು ಇದು: ಇಲ್ಲಿಯೇ ಇರು ಎಂದು ತಂದೆ ಆಜ್ಞೆ ಮಾಡಿರಲಿಲ್ಲ. ತಮಗೆ ಪವಿತ್ರವಾದುದನ್ನು ಬೂದಿಯಿಂದ ಎತ್ತಿ ಮನೆಗೆ ತಂದಿದ್ದರು, ಅಷ್ಟೇ. ಮಗ ಅದನ್ನು ನೋಡಿದ. ಮಕ್ಕಳು ಗುರಿಯನ್ನು ಕಲಿಯುವುದು ಹೀಗೆ. ಹೆತ್ತವರು ಯಾವುದನ್ನು ಬೂದಿಯಿಂದಲೂ ಎತ್ತಿ ತರುತ್ತಾರೆ ಎಂಬುದನ್ನು ನೋಡಿ ಕಲಿಯುತ್ತಾರೆ.

ನಮ್ಮ ಕರಾವಳಿಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಸಂಜೆಯ ಜಪಸರ ಮುಗಿದ ಬಳಿಕ ಮಕ್ಕಳು ಕೈಮುಗಿದು ಹಿರಿಯರಿಂದ 'ಬೆಸಾಂವ್', ಅಂದರೆ ಆಶೀರ್ವಾದ, ಬೇಡುತ್ತಾರೆ. ಅಜ್ಜಿಯಿಂದ ಆರಂಭಿಸಿ ತಂದೆ, ತಾಯಿ, ಮನೆಗೆ ಬಂದ ಹಿರಿಯ ಅತಿಥಿಯವರೆಗೆ ಎಲ್ಲರಿಂದಲೂ. ಅಂದು ಶಾಲೆಯಲ್ಲಿ ಪೆಟ್ಟು ತಿಂದ ಮಗುವಿಗೂ ಬೆಸಾಂವ್. ತಂಗಿಯ ಕೂದಲೆಳೆದು ಬೈಸಿಕೊಂಡ ಮಗುವಿಗೂ ಬೆಸಾಂವ್. ಲೆಕ್ಕದಲ್ಲಿ ಎಷ್ಟು ಅಂಕ ಬಂತೆಂದು ಕೇಳಿ ಆಶೀರ್ವದಿಸಿದ ಅಜ್ಜಿಯನ್ನು ನಾವು ಕಂಡಿಲ್ಲ. ಈ ಪದ್ಧತಿಯೊಳಗೆ ದೊಡ್ಡ ದೈವಶಾಸ್ತ್ರವಿದೆ. ಯೊರ್ದಾನ್ ನದಿಯಲ್ಲಿ ಯೇಸುಸ್ವಾಮಿಯು ದೀಕ್ಷಾಸ್ನಾನ ಪಡೆದಾಗ, ಇವರೇ ತಮ್ಮ ಪ್ರೀತಿಯ ಪುತ್ರರೆಂದು ಪರಲೋಕದ ಪಿತನು ಸಾರಿದರು. ಆಗ ಯೇಸುಸ್ವಾಮಿಯು ಇನ್ನೂ ಒಂದು ಸಾಮತಿಯನ್ನೂ ಹೇಳಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕಾರ್ಯ ಆಮೇಲೆ ಬಂತು. ಅದರ ಬಲದಿಂದಲೇ ಮರಳುಗಾಡಿನ ಶೋಧನೆಯನ್ನು ಅವರು ಎದುರಿಸಿದರು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಸಾಧನೆ ತೋರಿಸು, ಆಮೇಲೆ ಮೆಚ್ಚುಗೆ ಎನ್ನುತ್ತಿದ್ದೇವೆ. ಅನೇಕ ಮನೆಗಳಲ್ಲಿ ಜಪಸರವೂ ನಿಂತಿದೆ, ಬೆಸಾಂವ್ ಕೂಡ ನಿಂತಿದೆ. ಅಂಕಪಟ್ಟಿಯ ವಿಚಾರಣೆ ಮಾತ್ರ ತಪ್ಪದೆ ನಡೆಯುತ್ತಿದೆ.

ಆದುದರಿಂದ ಓದುಗರ ಮುಂದೆ ಕೆಲವು ವಿನಮ್ರ ಸಲಹೆಗಳನ್ನು ಇಡುತ್ತೇವೆ. ಪರದೇಶದಲ್ಲಿ ದುಡಿಯುವ ತಂದೆಯರೇ, ತಾಯಂದಿರೇ, ನಿಮ್ಮ ತ್ಯಾಗವನ್ನು ದೇವರು ಬಲ್ಲರು. ಆದರೆ ವಾರಕ್ಕೊಮ್ಮೆಯ ಕರೆಯಲ್ಲಿ ಮೊದಲ ಪ್ರಶ್ನೆ ಅಂಕದ್ದಾಗದಿರಲಿ. ಇಂದು ಯಾರೊಡನೆ ಊಟ ಮಾಡಿದೆ, ಯಾವುದಕ್ಕೆ ನಕ್ಕೆ, ಯಾವುದು ಬೇಸರ ತಂದಿತು ಎಂದು ಕೇಳಿರಿ. ನಿಮ್ಮ ಸೋಲನ್ನೂ ಮಕ್ಕಳಿಗೆ ಹೇಳಿರಿ: ಕೈಗೂಡದೆ ಹೋದ ಕೆಲಸ, ವಂಚಿಸಿದ ಏಜೆಂಟು, ತೀರಿಸಲು ಹೆಣಗಿದ ಸಾಲ. ಹೆತ್ತವರು ಎಂದೂ ಸೋತಿಲ್ಲವೆಂದು ನಂಬಿ ಬೆಳೆದ ಮಗು ತನ್ನ ಸೋಲನ್ನು ಹೇಳಿಕೊಳ್ಳಲು ಹೆದರುತ್ತದೆ. ಜಗದ್ಗುರು ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬ ಜೀವನದ ಕುರಿತು ಬರೆದ 'ಅಮೋರಿಸ್ ಲೆತೀಸಿಯ' ಪ್ರಬೋಧನೆಯಲ್ಲಿ, ಮಕ್ಕಳು ಎಲ್ಲಿದ್ದಾರೆಂದು ಸದಾ ಪತ್ತೆಹಚ್ಚುತ್ತಿರುವುದೇ ಶಿಕ್ಷಣವಲ್ಲ, ಅವರ ಮನಸ್ಸು ಯಾವ ದಾರಿಯಲ್ಲಿದೆ ಎಂಬುದನ್ನು ಅರಿಯುವುದು ಮುಖ್ಯ ಎಂಬ ಆಶಯವನ್ನು ವ್ಯಕ್ತಪಡಿಸಿದ್ದಾರೆ. ಮೊಬೈಲ್ ಫೋನಿನಲ್ಲಿ ಮಗಳು ಎಲ್ಲಿದ್ದಾಳೆಂದು ತಿಳಿಯುವುದು ಇಂದು ಸುಲಭ. ಅವಳು ಹೇಗಿದ್ದಾಳೆಂದು ತಿಳಿಯಲು ಆಕೆಯ ಬಳಿ ಕುಳಿತುಕೊಳ್ಳಲೇಬೇಕು.

ಯುವಜನರಿಗೂ ಒಂದು ಮಾತು. ಹೆತ್ತವರ ಒರಟು ಮಾತಿನ ಹಿಂದೆ ಎಷ್ಟೋ ಬಾರಿ ಹೇಳಲು ಬಾರದ ಭಯವಿರುತ್ತದೆ. ಅವರಿಗೂ ಯಾರೂ ಪ್ರೀತಿಯ ಮಾತುಗಳನ್ನು ಕಲಿಸಿರಲಿಲ್ಲ. ಅವರ ತಪ್ಪನ್ನು ಕ್ಷಮಿಸುವುದು ನಿಮ್ಮ ಬೆಳವಣಿಗೆಯ ಒಂದು ಭಾಗ. ಬಾಲ್ಯದಲ್ಲಿ ಪ್ರೀತಿ ಸಿಗದವರು ತಮ್ಮ ಕಥೆ ಮುಗಿಯಿತೆಂದು ತಿಳಿಯಬಾರದು. ಕವಾಯಿಯ ಮಕ್ಕಳಲ್ಲಿ ಅನೇಕರನ್ನು ಹಿಡಿದೆತ್ತಿದ್ದು ಹೆತ್ತವರಲ್ಲದ ಬೇರೊಬ್ಬರ ಕೈ. ಧರ್ಮೋಪದೇಶದ ಶಿಕ್ಷಕರೂ, ದೀಕ್ಷಾಸ್ನಾನದ ಸಾಕ್ಷಿಗಳಾಗಿ ನಿಂತವರೂ, ನಾವು ಗುರುಗಳೂ ಆ ಇನ್ನೊಬ್ಬರಾಗಲು ಕರೆಯಲ್ಪಟ್ಟವರು.

ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನ ಕೆಲವರನ್ನು ನೋಯಿಸೀತು. ಎಲ್ಲ ಸಂಕಟವೂ ಹೆತ್ತವರ ತಪ್ಪಿನಿಂದ ಬರುವುದಿಲ್ಲ. ಖಿನ್ನತೆ ಎಂಬುದು ರೋಗ. ಪ್ರೀತಿ ತುಂಬಿದ ಮನೆಗೂ ಅದು ಬರುತ್ತದೆ. ಎಲ್ಲವನ್ನೂ ಮಾಡಿಯೂ ಮಗುವನ್ನು ಕಳೆದುಕೊಂಡ ತಾಯಿತಂದೆಯರು ನಮ್ಮ ನಡುವೆ ಇದ್ದಾರೆ. ಅವರತ್ತ ಬೆರಳು ತೋರಿಸುವುದು ಪಾಪ. ಮಗನೋ ಮಗಳೋ ದಿನಗಟ್ಟಲೆ ಮೌನವಾಗಿದ್ದರೆ, ಊಟ ನಿದ್ರೆ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಹೋಗಿರಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ ಇದೆ. 14416 ಸಂಖ್ಯೆಗೆ ಕರೆ ಮಾಡಿ ಮಾತನಾಡಬಹುದು. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಜ್ವರ ಬಂದರೆ ಔಷಧ ತರುವ ನಾವು ಮನಸ್ಸು ಬಳಲಿದಾಗ ಮಾತ್ರ ಉಪದೇಶ ತರುವುದು ನ್ಯಾಯವಲ್ಲ.

ಆರಂಭದಲ್ಲಿ ಹೇಳಿದ ಆ ಹುಡುಗನ ಕಥೆ ಏನಾಯಿತೆಂದು ಓದುಗರು ಕೇಳಬಹುದು. ನಾವು ಮರುದಿನವೇ ಆ ತಂದೆಯನ್ನು ಕರೆಸಿ, ಮಗನು ಕೇಳಿದ ಪ್ರಶ್ನೆಯನ್ನು ಅವರ ಮುಂದಿಟ್ಟೆವು. ಹಾಗೆ ತಿಳಿಸುತ್ತೇವೆಂದು ಹುಡುಗನಿಗೆ ಮೊದಲೇ ಹೇಳಿದ್ದೆವು. ತಂದೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. "ಅವನು ಹೀಗೆ ಯೋಚಿಸುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ, ಫಾದರ್" ಎಂದರು. ಹುಡುಗ ಅಷ್ಟರಲ್ಲಿ ನಗರಕ್ಕೆ ಹಿಂದಿರುಗಿದ್ದ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನದ ಹಬ್ಬ, ನಮ್ಮವರ ಮೊಂತಿ ಹಬ್ಬ ಹತ್ತಿರ ಬಂದಿತ್ತು. ತಂದೆ ಫೋನು ಮಾಡಿ, ಹೊಸ ಅಕ್ಕಿಯ ಊಟಕ್ಕೆ ಮನೆಗೆ ಬಾ, ಪರೀಕ್ಷೆಯ ಮಾತು ಅಂದು ಯಾರೂ ಎತ್ತುವುದಿಲ್ಲ ಎಂದು ಕರೆದರಂತೆ. ಹುಡುಗ ರಾತ್ರಿಯ ಬಸ್ಸಿನಲ್ಲಿ ಬಂದ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಆ ವರ್ಷ ಮನೆಗೆ ಹೊತ್ತು ತಂದವನು ಅವನೇ. ಮುಂದೆ ಅವನು ಆ ಪದವಿಯನ್ನು ಪೂರೈಸಲಿಲ್ಲ. ವಿದ್ಯುತ್ ಕೆಲಸ ಕಲಿತು ಇಂದು ಊರಿನಲ್ಲೇ ದುಡಿಯುತ್ತಿದ್ದಾನೆ. ತಂದೆಗೆ ಈಗಲೂ ಒಳಗೊಳಗೆ ಕೊರಗಿದೆ, ಮಾತು ಒಮ್ಮೊಮ್ಮೆ ಬಿರುಸಾಗುತ್ತದೆ. ಎಲ್ಲವೂ ಸರಿಹೋಯಿತೆಂದು ನಾವು ಬರೆಯುವುದಿಲ್ಲ. ಆದರೆ ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ.

ಇನ್ನು ಕೆಲವೇ ದಿನಗಳಲ್ಲಿ ಮೊಂತಿ ಹಬ್ಬದ ನೊವೇನ ಆರಂಭವಾಗುತ್ತದೆ. ಒಂಬತ್ತು ದಿನ ಮಕ್ಕಳು ಹೂಗಳನ್ನು ತಂದು ಬಾಲಮರಿಯಮ್ಮನವರಿಗೆ ಅರ್ಪಿಸುತ್ತಾರೆ. ದೂರದ ಊರುಗಳಲ್ಲಿರುವವರಿಗೂ ಆಶೀರ್ವದಿಸಿದ ತೆನೆಯನ್ನು ಕಳುಹಿಸಿಕೊಡುವ ಪದ್ಧತಿ ನಮ್ಮಲ್ಲಿದೆ. ಈ ವರ್ಷ ಆ ತೆನೆಯ ಜೊತೆಗೆ ಒಂದು ಮಾತನ್ನೂ ಕಳುಹಿಸೋಣ. ಗೆದ್ದರೂ ಬಾ, ಸೋತರೂ ಬಾ, ನಿನ್ನ ಪಾಲಿನ ಎಲೆ ಇಲ್ಲಿ ಹಾಕಿಯೇ ಇರುತ್ತದೆ ಎಂಬ ಮಾತು. ತನ್ನ ಮಗನನ್ನು ಮೇಜಿಗೆ ಮರಳಿ ಕರೆದ ಸಂತ ಮೋನಿಕಾ ಅವರು ನಮ್ಮ ಎಲ್ಲ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.